ಸಾಲಿನಲ್ಲಿ ನಿಂತವರ ಎರಡನೇ ಕಣ್ಣು

ಅವತ್ತು ಶನಿವಾರ. ಎಂದಿನಂತೆ ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬಾಗಿಲಿಗೆ ನೀರು ಹಾಕಿ ಪುಟ್ಟ ರಂಗೋಲಿ ಎಳೆದು ಬಂದೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಪೂರ್ತಿ ತುಂಡಾಗದ ಹಾಗೆ ಕತ್ತರಿಸಿದೆ. ಆ ಚೂರು ಬಿದ್ದರೆ ಸೀದಾ ಸಿಂಕಿನ ಜಾಲರಿಗೇ ಹೋಗಿ ಕೂರುತ್ತದೆ. ನಮ್ಮ ಯಜಮಾನರು ಹಿಂದಿನ ದಿನವೇ ನೆಂಟರ ಗೃಹಪ್ರವೇಶಕ್ಕೆಂದು ತುಮಕೂರಿಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ನನ್ನ ನಾದಿನಿ ಇಬ್ಬರೇ.

ನಾದಿನಿ ಉಪ್ಪಿಟ್ಟನ್ನು ತಟ್ಟೆಯ ಅಂಚಿಗೆ ತಳ್ಳುತ್ತಾ ಕೂತಿದ್ದಳು. ಕರಿಬೇವಿನ ಎಲೆಗಳನ್ನೆಲ್ಲ ಒಂದು ಕಡೆ ಸಾಲಾಗಿ ಜೋಡಿಸಿದ್ದಳು. ಅವಳಿಗೆ ಭಯವಾದಾಗ ಕೈ ಸುಮ್ಮನಿರುವುದಿಲ್ಲ, ಏನಾದರೂ ಒಂದನ್ನು ಸಾಲು ಹಿಡಿಸುತ್ತಲೇ ಇರುತ್ತದೆ.

"ಎರಡು ತುತ್ತಾದ್ರೂ ತಿನ್ನೇ," ಅಂದೆ.

"ಹೊಟ್ಟೇಲಿ ಜಾಗ ಇಲ್ಲ ಅತ್ತಿಗೆ. ರಾತ್ರಿಯಿಂದ ಅದರ ತುಂಬ ಭಯಾನೇ ಕೂತಿದೆ."

ಅವಳು ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಆದರೆ ಮೂರು ವರ್ಷದಿಂದ ಅವಳ ಶನಿವಾರ ಭಾನುವಾರಗಳೆಲ್ಲ ಬೇರೊಂದು ಕೆಲಸಕ್ಕೆ ಹೋಗಿವೆ. ಊರಿನ ಕಂಪ್ಯೂಟರ್ ಆಸಕ್ತರು ತಮಗೆ ತಾವೇ ಸೇರಿ ವರ್ಷಕ್ಕೊಂದು ಸಮ್ಮೇಳನ ನಡೆಸುತ್ತಾರೆ. ಟಿಕೆಟ್ ಕೊಡುವುದು, ಬಂದವರನ್ನು ಬಾಗಿಲಲ್ಲಿ ಗುರುತಿಸುವುದು, ಬ್ಯಾಡ್ಜು ಮುದ್ರಿಸುವುದು, ಯಾವ ಕೋಣೆಯಲ್ಲಿ ಯಾರ ಭಾಷಣ ಎಂದು ತೋರಿಸುವುದು, ಇಷ್ಟಕ್ಕೂ ಬೇಕಾದ ತಂತ್ರಾಂಶವನ್ನು ಅವಳೂ ಇನ್ನೊಂದಷ್ಟು ಜನರೂ ಸಂಬಳವಿಲ್ಲದೆ ಬರೆದಿದ್ದರು. ಅದರ ಒಳಗುಟ್ಟೆಲ್ಲ ಬಯಲಲ್ಲೇ ಇರುತ್ತದೆ. ಯಾರು ಬೇಕಾದರೂ ತೆಗೆದು ಓದಬಹುದು, ತಿದ್ದಿ ಕಳಿಸಬಹುದು. ನಾನು ಮಾಡಿದ್ದು ಅದರ ಪರದೆಗಳಿಗೆ ಕನ್ನಡದ ಮಾತು ಬರೆದುಕೊಟ್ಟಿದ್ದು, ಅಷ್ಟೆ. ಟಿಕೆಟ್ಟಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರುತ್ತಿತ್ತು: "ಈ ತಂತ್ರಾಂಶವನ್ನು ನೀವೂ ಓದಬಹುದು, ನೀವೂ ತಿದ್ದಬಹುದು." ಅದೂ ನನ್ನದೇ. ಇದನ್ನೆಲ್ಲ ಯಾರು ಓದ್ತಾರೆ ಅಂದುಕೊಂಡೇ ಬರೆದಿದ್ದೆ.

ಸಮ್ಮೇಳನದ ಹಿರಿಯರೊಬ್ಬರಿಗೆ ಇದರ ಮೇಲೆ ನಂಬಿಕೆ ಇರಲಿಲ್ಲ. ಬಾಗಿಲಿನ ಕೆಲಸಕ್ಕೆ ಯಾವುದಾದರೂ ಕಂಪನಿಯ ಸಿದ್ಧ ತಂತ್ರಾಂಶ ತಗೊಂಡರೆ ತಲೆನೋವಿಲ್ಲ ಎಂದು ಮೊದಲಿಂದಲೂ ಹೇಳುತ್ತಿದ್ದರು. ಕೊನೆಗೆ, "ಈ ವರ್ಷ ಒಂದು ಸಲ ನೋಡೋಣಮ್ಮ. ಬಾಗಿಲಲ್ಲೇ ಎಡವಿದ್ರೆ ಮುಂದಿನ ವರ್ಷದಿಂದ ಬೇಡ," ಅಂದಿದ್ದರು. ನಾದಿನಿ ಉಪ್ಪಿಟ್ಟು ಮುಟ್ಟದೇ ಇದ್ದದ್ದು ಅದಕ್ಕೆ.

ಹೊರಡುವಾಗ ಗ್ಯಾಸ್ ಮುಚ್ಚಿ, ಒಂದೊಂದೇ ಸ್ವಿಚ್ ಆರಿಸುತ್ತಾ ಬಂದೆ. ಊಟದ ಮೇಜಿನ ಪಕ್ಕದ ಗೂಡಿನಲ್ಲಿ ಟಿಫಿನ್ ಡಬ್ಬಿಯಷ್ಟೇ ಇರುವ ಪುಟ್ಟ ಕಂಪ್ಯೂಟರ್ ಒಂದಿದೆ. ಅದನ್ನು ಮಾತ್ರ ಮುಟ್ಟಲಿಲ್ಲ. ಅದರ ಮೇಲೆ "ಆರಿಸಬೇಡಿ" ಎಂದು ಚೀಟಿ ಅಂಟಿಸಿದವಳೂ ನಾನೇ. ಆ ತಂತ್ರಾಂಶದ ತಾಲೀಮಿಗಾಗಿ ಇಟ್ಟಿದ್ದು ಅದು. ಕರೆಂಟ್ ಹೋದಾಗ ಕೆಲಹೊತ್ತು ಓಡಲೆಂದು ಅದರ ಕೆಳಗೊಂದು ಬ್ಯಾಟರಿಯ ಯುಪಿಎಸ್ಸೂ ಇತ್ತು. ಅವಳ ಗುಂಪಿನ ಬಿಟಿಎಂ ಲೇಔಟಿನವರು, ಬನಶಂಕರಿಯವರು ತಂತಮ್ಮ ಮನೆಯಿಂದಲೇ ಅದಕ್ಕೆ ಕೈಚಾಚಿ ಪರೀಕ್ಷೆ ಮಾಡುತ್ತಿದ್ದರು. ಯಾರಾದರೂ ಅದರ ಜೊತೆ ಕೆಲಸ ಮಾಡುವಾಗ ಹಸಿರು ದೀಪ ಮಿಣಮಿಣ ಅನ್ನುತ್ತದೆ. ಅವತ್ತು ಬೆಳಿಗ್ಗೆಯೂ ಅನ್ನುತ್ತಿತ್ತು. ಪಾಪ, ಇದಕ್ಕೂ ಸಡಗರ ಅಂದುಕೊಂಡು ಬೀಗ ಹಾಕಿದೆ.

ಸಮ್ಮೇಳನ ಜೆ.ಪಿ. ನಗರದ ಕಾಲೇಜೊಂದರ ಸಭಾಂಗಣದಲ್ಲಿ. ನನ್ನದು ಬಾಗಿಲ ಬಳಿಯ ಮೂರನೇ ಮೇಜು. ಬಂದವರು ಫೋನಿನಲ್ಲಿರುವ ಟಿಕೆಟ್ ತೋರಿಸಬೇಕು, ನಾನು ಟ್ಯಾಬ್ ಹಿಡಿಯಬೇಕು, ಹೆಸರು ಮೂಡಬೇಕು, ಪಕ್ಕದ ಪ್ರಿಂಟರಿನಿಂದ ಬ್ಯಾಡ್ಜು ಬರಬೇಕು. ಮೊದಮೊದಲು ಬಂದವರದೆಲ್ಲ ಹೂವು ಎತ್ತಿಟ್ಟ ಹಾಗೆ ಆಯಿತು. ಪ್ರಿಂಟರುಗಳನ್ನು ನೋಡಿಕೊಳ್ಳುತ್ತಿದ್ದ ಬಿಟಿಎಂ ಕಡೆಯ ಗಡ್ಡದವರೊಬ್ಬರು, ಎರಡು ಮಕ್ಕಳ ತಂದೆ, ನನ್ನ ಕಡೆ ನೋಡಿ, "ಸಖತ್ ಓಡ್ತಿದೆ ಆಂಟಿ, ದೃಷ್ಟಿ ತೆಗೀಬೇಕು," ಅಂದರು.

ಅವರ ಮಾತು ಮುಗಿದಿತ್ತೋ ಇಲ್ಲವೋ, ನನ್ನ ಪರದೆಯ ಮೇಲೆ ಬಿಳಿ ಚಕ್ರವೊಂದು ತಿರುಗತೊಡಗಿತು. ಎದುರಿಗೆ ನಿಂತವರು ಫೋನನ್ನು ಹಿಂದೆ ಮುಂದೆ ಮಾಡಿದರು, ಬೆಳಕು ಜಾಸ್ತಿ ಮಾಡಿದರು, ಪರದೆ ಅಂಗಿಗೆ ಒರೆಸಿದರು. ಚಕ್ರ ತಿರುಗುತ್ತಲೇ ಇತ್ತು. ಪಕ್ಕದ ಮೇಜಿನ ಕಡೆ ನೋಡಿದೆ. ಅಲ್ಲೂ ಅದೇ ಚಕ್ರ.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಸಾಲು ನಿಲ್ಲಿಸುವಾಗ ಒಂದು ಕೈ ಅಂತರ ಅಳೆಸುತ್ತಿದ್ದರು. ಸಾಲು ಕೆಡುವುದು ಹೇಗೆ ಶುರುವಾಗುತ್ತದೆ ಎಂಬುದು ನನಗೆ ಅಲ್ಲಿಂದಲೇ ಗೊತ್ತು. ಮೊದಲು ಆ ಅಂತರ ಹೋಗುತ್ತದೆ. ಆಮೇಲೆ ಹಿಂದಿನವರು ಪಕ್ಕಕ್ಕೆ ವಾಲಿ ಮುಂದೆ ಏನಾಗಿದೆ ನೋಡುತ್ತಾರೆ. ಆಮೇಲೆ ಮಾತು. "ಏನ್ ಗುರು, ಟೆಕ್ ಸಮ್ಮೇಳನದಲ್ಲೇ ಟೆಕ್ ಕೈಕೊಡ್ತಾ?" ಎಂದು ಯಾರೋ ಅಂದರು. "ಆಫ್ ಮಾಡಿ ಆನ್ ಮಾಡೋಕೆ ಹೇಳು ಮಗಾ," ಎಂದು ಇನ್ನೊಬ್ಬರು. ನಗು ಸಾಲಿನುದ್ದಕ್ಕೂ ಹರಿಯಿತು. ನಾದಿನಿ ನಗಲಿಲ್ಲ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದಳು.

ಹಿರಿಯರು ಬಂದರು. ಸಿಟ್ಟು ಮಾಡುವವರಲ್ಲ. ಅವರ ಆ ಮೆದು ದನಿಯೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು.

"ಮೇಡಂ, ನಿಮ್ಮ ಕೈಬರಹ ಮುದ್ದಾಗಿದೆ ಅಂತ ಕೇಳಿದ್ದೀನಿ. ಖಾಲಿ ಬ್ಯಾಡ್ಜು, ಮಾರ್ಕರ್ ಎಲ್ಲ ಇಲ್ಲೇ ಇದೆ. ಹೆಸರು ಕೇಳ್ಕೊಂಡು ಬರೆದು ಕೊಡ್ತಾ ಹೋಗಿ. ಜನ ಒಳಗೆ ಹೋಗ್ಲಿ."

ಮಾರ್ಕರನ್ನು ನನ್ನ ಕೈಗೇ ಇಟ್ಟರು. ನಾನು ಯಾರಿಗೂ ಆಗಲ್ಲ ಅಂದವಳಲ್ಲ. ಆದರೆ ಅದರ ಮುಚ್ಚಳ ತೆಗೆದೆನೋ, ನಾದಿನಿಯ ಮೂರು ವರ್ಷ ಅಲ್ಲಿಗೆ ಮುಗಿದ ಹಾಗೆ. ಮುಚ್ಚಳ ಬಿಗಿಯಾಗಿದೆ ಎಂಬಂತೆ ತಿರುಗಿಸಿದೆ. ಖಾಲಿ ಬ್ಯಾಡ್ಜುಗಳನ್ನು ಎತ್ತಿ ಅಂಚು ಸರಿಮಾಡಿದೆ. ದಾರಗಳನ್ನು ಬಿಡಿಸಿದೆ, ಬಿಡಿಸಿದ್ದನ್ನೇ ಮತ್ತೆ ಜೋಡಿಸಿದೆ.

"ಸ್ವಲ್ಪ ತಡೀರಿ ಸಾರ್," ಎಂದಳು ನಾದಿನಿ, ತಲೆ ಎತ್ತದೆ. "ಸಿಕ್ತು."

ಸಿಕ್ಕಿದ್ದೇನೆಂದರೆ, ನಮ್ಮ ಟ್ಯಾಬುಗಳೆಲ್ಲ ಸಮ್ಮೇಳನಕ್ಕೆಂದು ಬಾಡಿಗೆಗೆ ಹಿಡಿದ ದೊಡ್ಡ ಕಂಪ್ಯೂಟರಿನ ಜೊತೆ ಮಾತಾಡುತ್ತಲೇ ಇರಲಿಲ್ಲ. ಅವು ಬೆಳಿಗ್ಗೆಯಿಂದ ಮಾತಾಡಿದ್ದು ನಮ್ಮನೆ ಊಟದ ಮೇಜಿನ ಪಕ್ಕದ ಆ ಡಬ್ಬಿಯ ಜೊತೆ! ತಾಲೀಮಿಗೆಂದು ಬರೆದ ವಿಳಾಸವನ್ನು ಕೊನೆಗೆ ಬದಲಿಸುವುದು ಬಿಟ್ಟುಹೋಗಿತ್ತು. ಟಿಕೆಟ್ಟುಗಳ ನಕಲು ಅದರಲ್ಲೂ ಇದ್ದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಈಗ ಅದು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡಿತ್ತು. ಬೆಳಗಿನ ಹಸಿರು ದೀಪ ನನ್ನ ಕಣ್ಣ ಮುಂದೆ ಬಂತು.

"ಯಾರು ಮಾಡಿದ್ದು ಇದನ್ನ?" ಹಿರಿಯರು ಕೇಳಿದರು.

"ನಮ್ಮಲ್ಲಿ ಹಾಗೆ ಕೇಳಲ್ಲ ಸಾರ್," ಗಡ್ಡದವರು ಅಂದರು. "ಏನಾಯ್ತು, ಹೇಗಾಯ್ತು ಅಂತ ಮಾತ್ರ ಕೇಳ್ತೀವಿ."

"ನಾನೇ ಸಾರ್," ಎಂದಳು ನಾದಿನಿ. "ಒಂದು ಸಾಲು ಬದಲಾಯಿಸ್ಬೇಕು. ಬದಲಾಯಿಸಿದ್ದೀನಿ. ಆದ್ರೆ ಬೇರೆ ಒಬ್ಬರು ಓದ್ಬೇಕು."

ಅದು ಅವರ ಕಟ್ಟಳೆ. ಬರೆದವರೇ ತಮ್ಮ ಬರಹವನ್ನು ಒಳಗೆ ಸೇರಿಸುವ ಹಾಗಿಲ್ಲ, ಇನ್ನೊಬ್ಬರು ಓದಿ ಹೂಂ ಅನ್ನಬೇಕು. ಎರಡನೇ ಕಣ್ಣು ಎನ್ನುತ್ತಾರೆ. ನಮ್ಮತ್ತೆಯೂ ಹಬ್ಬದಡುಗೆಯಲ್ಲಿ, ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಹಾಗಿಲ್ಲವಲ್ಲ, "ಸಾರಿಗೆ ಉಪ್ಪು ಹಾಕ್ದೆ, ಕೇಳಿಸ್ಕೊಂಡ್ಯಾ?" ಎಂದು ಗಟ್ಟಿಯಾಗಿ ಹೇಳಿಯೇ ಹಾಕುತ್ತಿದ್ದರು. ನಾನು ಹೂಂ ಅನ್ನದ ಹೊರತು ಮುಂದಿನ ಪಾತ್ರೆಗೆ ಹೋಗುತ್ತಿರಲಿಲ್ಲ.

ನಾದಿನಿಯ ಬರಹ ಯಾವಾಗಲೂ ಓದುವವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಅವರ ಫೋನು ಸಿಗುತ್ತಿರಲಿಲ್ಲ. ಗಡ್ಡದವರಿಗೆ ಪ್ರಿಂಟರಿನ ತಂತಿಗಳು ಗೊತ್ತೇ ಹೊರತು ಇದು ಗೊತ್ತಿರಲಿಲ್ಲ.

"ಅಲ್ಲಮ್ಮಾ," ಹಿರಿಯರ ದನಿ ಮೊದಲ ಸಲ ಗಡುಸಾಯಿತು. "ಸಾಲು ಗೇಟ್ ದಾಟಿ ರಸ್ತೆಗೆ ಹೋಗಿದೆ. ನೀನೇ ಹಾಕ್ಬಿಡು. ಯಾರು ಕೇಳ್ತಾರೆ?"

"ಬದಲಾಯಿಸೋದು ಬಿಟ್ಟುಹೋಗಿದ್ದೂ ನನ್ನ ಕಣ್ಣಿಂದಲೇ ಸಾರ್. ಈಗ ಮತ್ತೆ ಅದೇ ಕಣ್ಣನ್ನ ನಂಬಲ್ಲ."

ಹಿರಿಯರು ನನ್ನ ಕಡೆ ತಿರುಗಿದರು. "ಮೇಡಂ, ಶುರು ಮಾಡಿ."

ನನ್ನ ಹೆಬ್ಬೆರಳು ಮುಚ್ಚಳದ ಮೇಲಿತ್ತು. ಬೆವರಿಗೆ ಜಾರುತ್ತಿತ್ತು. ನಾದಿನಿಯನ್ನು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಸಾಲಿನ ಕಡೆ ನೋಡುತ್ತಿದ್ದಳು. ಹಾಗೇ ಎದ್ದು ಮೆಟ್ಟಿಲ ಮೇಲೆ ನಿಂತಳು. ಮನೆಗೆ ಬಂದ ನೆಂಟರೆದುರು ಗಟ್ಟಿಯಾಗಿ ಮಾತಾಡದವಳು ಅವಳು.

"ಎಲ್ಲರೂ ಕ್ಷಮಿಸ್ಬೇಕು. ತಪ್ಪು ನಮ್ಮದು. ತಿದ್ದಿದ್ದೀವಿ, ಆದ್ರೆ ಇನ್ನೊಬ್ಬರು ಓದಿಲ್ಲ. ನಿಮ್ಮ ಟಿಕೆಟ್ಟಿನ ಕೊನೇ ಸಾಲಿನಲ್ಲಿ ಒಂದು ಕೊಂಡಿ ಇದೆ. ಒತ್ತಿ. ಎಲ್ಲಕ್ಕಿಂತ ಮೇಲಿರೋದೇ ಈಗ ಮಾಡಿರೋ ಬದಲಾವಣೆ. ದಯವಿಟ್ಟು ಯಾರಾದ್ರೂ ಓದಿ ಹೇಳಿ."

ಸಾಲಿನುದ್ದಕ್ಕೂ ತಲೆಗಳು ಬಾಗಿದವು. ಬೇಸರದಿಂದ ಫೋನು ನೋಡುತ್ತಿದ್ದವರೇ ಈಗಲೂ ಫೋನು ನೋಡುತ್ತಿದ್ದರು, ಆದರೆ ಹುಬ್ಬು ಗಂಟಿಕ್ಕಿತ್ತು, ತುಟಿ ಅಲುಗುತ್ತಿತ್ತು. ಒಬ್ಬರು ಪಕ್ಕದವರಿಗೆ ತೋರಿಸಿದರು. ಇನ್ನೊಬ್ಬರು ಕನ್ನಡಕ ಹಣೆಗೆ ಏರಿಸಿಕೊಂಡರು. ಹಿರಿಯರು ವಾಚು ನೋಡಿದರು, ಸಾಲು ನೋಡಿದರು, ಮತ್ತೆ ವಾಚು ನೋಡಿದರು.

"ಸರಿಯಾಗಿದೆ!" ಮುಂದಿನಿಂದ ಒಂದು ದನಿ ಬಂತು. ನಾದಿನಿ ಲ್ಯಾಪ್‌ಟಾಪಿಗೆ ಕೈ ಹಾಕಿದಳು.

"ಇಲ್ಲ, ನಿಲ್ಲಿ ಮೇಡಂ, ನಿಲ್ಲಿ!"

ಸಾಲಿನ ನಡುವಿನಿಂದ ಒಬ್ಬಳು, ಮೊಣಕೈಗೆ ಹೆಲ್ಮೆಟ್ ನೇತುಹಾಕಿಕೊಂಡವಳು, ಜನರನ್ನು ಸರಿಸಿಕೊಂಡು ಬಂದಳು. "ನಾನು ನಿಮ್ಮ ಕೋಡ್ ನೋಡ್ತಿರೋದು ಇದೇ ಫಸ್ಟು. ನೀವು ತಿದ್ದಿರೋದು ಸರಿ ಇದೆ. ಆದ್ರೆ ಹಳೇ ವಿಳಾಸ ಇನ್ನೆಲ್ಲಾದ್ರೂ ಇದೆಯಾ ಅಂತ ಹುಡುಕ್ದೆ. ಬ್ಯಾಡ್ಜ್ ಪ್ರಿಂಟ್ ಮಾಡೋ ಕಡೆನೂ ಅದೇ ಇದೆ ನೋಡಿ."

ನಾದಿನಿ ನೋಡಿದಳು. ಅವಳ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಹಾಗೇ ಸೇರಿಸಿದ್ದರೆ ಹೆಸರೇನೋ ಮೂಡುತ್ತಿತ್ತು, ಬ್ಯಾಡ್ಜು ಬರುತ್ತಿರಲಿಲ್ಲ. ಅಷ್ಟು ಜನರ ಎದುರಿಗೆ ಎರಡನೇ ಸಲ ಎಡವಿದ್ದರೆ ಮತ್ತೆ ಏಳುವ ಮಾತೇ ಇರಲಿಲ್ಲ.

ಇಬ್ಬರೂ ಮೆಟ್ಟಿಲ ಮೇಲೆ ಪಕ್ಕಪಕ್ಕ ಕೂತರು. ಹೆಲ್ಮೆಟ್ಟು ನಮ್ಮ ಮೇಜಿನ ಮೇಲೆ ಬಂತು. ನಾದಿನಿ ತಿದ್ದಿದಳು, ಅವಳು ಓದಿದಳು. ಬೆರಳಿಟ್ಟು ಇನ್ನೊಮ್ಮೆ ಓದಿದಳು. "ಹೂಂ. ಹಾಕಿ," ಅಂದಳು.

ನನ್ನ ಪರದೆಯ ಚಕ್ರ ನಿಂತಿತು. ಎದುರಿಗಿದ್ದವರು ಫೋನು ಚಾಚಿದರು. ಹೆಸರು ಮೂಡಿತು. ಪ್ರಿಂಟರ್ ಒಮ್ಮೆ ಕೆಮ್ಮಿದಂತೆ ಮಾಡಿ ಬ್ಯಾಡ್ಜನ್ನು ಹೊರಕ್ಕೆ ಹಾಕಿತು. ಯಾರೋ ಚಪ್ಪಾಳೆ ತಟ್ಟಿದರು, ಅದು ಗೇಟಿನವರೆಗೂ ಹೋಯಿತು. ಮಾರ್ಕರನ್ನು ಕೆಳಗಿಟ್ಟಾಗ ನನ್ನ ಅಂಗೈಯಲ್ಲಿ ಅದರ ಮುಚ್ಚಳದ ಅಂಚು ಕೆಂಪಗೆ ಮೂಡಿತ್ತು.

ಸಂಜೆ ಕುರ್ಚಿಗಳನ್ನು ಮಡಚುವ ಹೊತ್ತಿಗೆ ಹಿರಿಯರು ನಾದಿನಿಯ ಹತ್ತಿರ ಬಂದರು. "ಕಂಪನಿಯವರದ್ದು ಕೆಟ್ಟಿದ್ರೆ ನಾನು ಫೋನ್ ಹಿಡ್ಕೊಂಡು 'ನಿಮ್ಮ ಕರೆ ನಮಗೆ ಮುಖ್ಯ' ಅನ್ನೋದನ್ನ ಕೇಳ್ತಾ ನಿಂತಿರ್ತಿದ್ದೆ," ಅಂದರು. "ಮುಂದಿನ ವರ್ಷವೂ ಇದೇ ಇರ್ಲಿ. ಆದ್ರೆ ಆ ಡಬ್ಬಿನ ಮಾತ್ರ ಈ ಕಡೆ ತಲೆಹಾಕೋಕೆ ಬಿಡ್ಬೇಡಮ್ಮ." ನಾದಿನಿ ಆಗ ಕೇಳಿದ್ದು ಒಂದೇ ಮಾತು: "ಅತ್ತಿಗೆ, ತಿನ್ನೋಕೆ ಏನಾದ್ರೂ ಇದ್ಯಾ?"

ಆಟೋದಲ್ಲಿ ಬನ್ನು ತಿನ್ನುತ್ತಾ ಹೇಳಿದಳು: "ಆ ಡಬ್ಬಿ ಸಾಯದೇ ಇದ್ದಿದ್ರೆ ಇನ್ನೂ ಘೋರ ಆಗ್ತಿತ್ತು. ಬಂದವರ ಲೆಕ್ಕ ಎಲ್ಲ ಆ ಡಬ್ಬೀಲೇ ಉಳೀತಿತ್ತು, ಒಳಗೆ ಪ್ರತಿ ಕೋಣೆ ಬಾಗಿಲಲ್ಲೂ ಇವರು ಬಂದಿದ್ದಾರಾ ಅಂತ ದೊಡ್ಡ ಕಂಪ್ಯೂಟರನ್ನೇ ಕೇಳೋದು. ಅದು ಅಷ್ಟೂ ಜನಕ್ಕೆ ನೀವು ಬಂದೇ ಇಲ್ಲ ಅಂತಿತ್ತು. ಭಾಷಣಗಳೇ ನಿಂತುಹೋಗ್ತಿದ್ವು." ಯಡಿಯೂರು ಕೆರೆ ದಾಟಿದ ಮೇಲೆ ಮತ್ತೆ ಅಂದಳು: "ಆದ್ರೆ ಅದು ಯಾಕೆ ಸತ್ತಿತು ಅಂತ ಮಾತ್ರ ಗೊತ್ತಾಗ್ತಿಲ್ಲ. ಆರಿಸೋಕೆ ಮನೇಲಿ ಯಾರೂ ಇರ್ಲಿಲ್ವಲ್ಲ."

ಗೇಟು ತೆಗೆಯುವಾಗ ಪಕ್ಕದ ಮನೆಯಾಕೆ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿದ್ದರು. ಯಡಿಯೂರಿನ ಹಳೇ ಮನೆತನದವರು. ನಮ್ಮ ಬೀದಿಯಲ್ಲಿ ಏನಾದರೂ ಅವರಿಗೆ ಮೊದಲು ಗೊತ್ತಾಗುತ್ತದೆ. ಕಡ್ಡಿಯಿಂದ ಕಣ್ಣೆತ್ತದೆಯೇ ಹೇಳಿದರು:

"ಈಗ ಬಂದ್ರಾ? ಬೆಳಿಗ್ಗೆ ನೀವು ಅತ್ಲಾಗೆ ಹೋಗ್ತಿದ್ದಂಗೆ ಇತ್ಲಾಗೆ ಕರೆಂಟ್ ಹೋಯ್ತು ಕಣಮ್ಮ. ನಿಮ್ಮನೇಲಿ ಅದೆಂಥದೋ ಕೀಂ ಕೀಂ ಅಂತ ಬಡ್ಕೊಳ್ತಾನೇ ಇತ್ತು, ನನಗಂತೂ ತಲೆ ಚಿಟ್ಟು ಹಿಡೀತು. ಆಮೇಲೆ ಅದಕ್ಕೇ ಸುಸ್ತಾಗಿ ನಿಂತ್ಕೊಳ್ತು. ನಿಂತಿದ್ದೇ ಒಳ್ಳೇದಾಯ್ತು ಬಿಡಿ."