ಮೇಷ್ಟ್ರು ಬಿಟ್ಟುಹೋದ ಗೋಣಿಚೀಲ

ಸಿಂಧಘಟ್ಟದ ನಮ್ಮ ಮನೆಯ ಹೊರಕೋಣೆಯಲ್ಲಿ ಒಬ್ಬ ಮೇಷ್ಟ್ರು ಬಾಡಿಗೆಗಿದ್ದರು. ನಾನು ಮದುವೆಯಾಗಿ ಬಂದ ವರ್ಷವೇ ಅವರಿಗೆ ಪಾಂಡವಪುರದ ಕಡೆಗೆ ವರ್ಗವಾಯಿತು. ಹಾಸಿಗೆ, ಸ್ಟೌ, ಪಾತ್ರೆಗಳನ್ನೆಲ್ಲ ಬಸ್ಸಿನ ಟಾಪಿಗೆ ಏರಿಸಿದವರು ಒಂದು ಗೋಣಿಚೀಲ ಮಾತ್ರ ಬಿಟ್ಟುಹೋದರು. ಬೇಕಾದವರು ಓದಿಕೊಳ್ಳಲಿ ಎಂದಿದ್ದರಂತೆ. ಓದುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆಗೆ ಅಕ್ಷರ ಬಾರದು. ನನ್ನ ಗಂಡ ಡೈರಿಗೆ ಹಾಲು ಹಾಕಿದ ಚೀಟಿ ಬಿಟ್ಟರೆ ಬೇರೇನೂ ಓದಿದವರಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಐದು ತಿಂಗಳ ಬಸುರಿ. ಹುರುಳಿ ಮೂಟೆ ಇಡಲು ಕೋಣೆ ಗುಡಿಸುವಾಗ ಆ ಚೀಲ ಬಿಚ್ಚಿದೆ. ಇಲಿಹಿಕ್ಕೆಯ ಜೊತೆಗೆ ಇಪ್ಪತ್ತಕ್ಕೂ ಹೆಚ್ಚು ಪುಸ್ತಕ ಹೊರಬಿದ್ದವು. ಪತ್ತೇದಾರಿ ಕಾದಂಬರಿ, ರಟ್ಟು ಕಿತ್ತುಹೋದ ದೆವ್ವದ ಕಾದಂಬರಿ, ನಕ್ಷತ್ರಗಳ ಮೇಲೊಂದು, ಗೊಬ್ಬರದ ಮೇಲೊಂದು, ಯಾರದೋ ಜೈಲಿನ ನೆನಪುಗಳು, ಹಾವುಗಳ ಪುಸ್ತಕ, ಡಾಕ್ಟರೊಬ್ಬರು ತಾಯಂದಿರಿಗಾಗಿ ಬರೆದದ್ದು. ನಾಗಮಂಗಲದ ನನ್ನ ತವರಿನಲ್ಲಿ ಪಠ್ಯಪುಸ್ತಕ, ಪಂಚಾಂಗ ಬಿಟ್ಟರೆ ಬೇರೆ ಪುಸ್ತಕ ಕಂಡವಳಲ್ಲ ನಾನು. ಅವನ್ನೆಲ್ಲ ಬಿಸಿಲಿಗೆ ಹರಡಿ, ಕೈಗೆ ಸಿಕ್ಕಿದ ಕ್ರಮದಲ್ಲೇ ಓದತೊಡಗಿದೆ. ಯಾವುದು ಕಟ್ಟುಕತೆ, ಯಾವುದು ನಿಜ ಎಂದು ಬೇರೆ ಮಾಡುವ ಅಭ್ಯಾಸವೇ ನನಗಿರಲಿಲ್ಲ. ಅಚ್ಚಾಗಿದ್ದದ್ದೆಲ್ಲ ನಡೆದದ್ದೇ ಎಂದುಕೊಳ್ಳುತ್ತಿದ್ದೆ.

ದೆವ್ವದ ಕಾದಂಬರಿ ಓದಿದ ಮೇಲೆ ಹಾಡುಹಗಲಲ್ಲೂ ಹಿತ್ತಲ ಬಾವಿಗೆ ಒಬ್ಬಳೇ ಹೋಗಲಾರದವಳಾದೆ. ನೀರಿನಲ್ಲಿ ಕೂದಲು ಬಿಚ್ಚಿದ ಹೆಂಗಸು ಕಾಣುತ್ತಾಳೆ ಅನ್ನಿಸಿ, ಒಮ್ಮೆ ಬಿಂದಿಗೆ ಎತ್ತಿಹಾಕಿ ಓಡಿಬಂದೆ. ಹಾವಿನ ಪುಸ್ತಕ ಓದಿದ ಮೇಲಂತೂ ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಹಗ್ಗ ಕೊಳಕುಮಂಡಲವಾಯಿತು. ನನ್ನ ಕಿರುಚಾಟಕ್ಕೆ ಅಕ್ಕಪಕ್ಕದವರು ದೊಣ್ಣೆ ಹಿಡಿದು ಬಂದು, ಹಗ್ಗ ನೋಡಿ ನಕ್ಕು ಹೋದರು.

"ಬಸ್ರಿ ಎಂಗ್ಸು ಅಂಥವ್ನೆಲ್ಲ ಓದ್ಬಾರ್ದು ಕಣವ್ವ," ಎಂದು ಅತ್ತೆ ಎರಡು ಸಲ ಹೇಳಿದರು. ಪುಸ್ತಕ ಕಿತ್ತುಕೊಳ್ಳಲಿಲ್ಲ, ಅಷ್ಟೆ.

ಏಳನೇ ತಿಂಗಳಲ್ಲಿ ನನ್ನ ಕಾಲು ಊದಿತು. ಬಸುರಿಯರಿಗೆ ಅದು ಸಹಜ ಎಂದರು. ಆಮೇಲೆ ಕೈ ಊದಿ ಬಳೆ ಬಿಗಿಯಾಯಿತು. ಕಣ್ಣಿನ ಕೆಳಗೂ ಊತ ಬಂತು. ಎರಡು ದಿನದಿಂದ ತಲೆ ಸಿಡಿಯುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ರಾಗಿ ಹಸನು ಮಾಡುತ್ತಿದ್ದಾಗ ಕಣ್ಣೆದುರು ಮಿಣುಕುಹುಳ ಹಾರಿದಂತಾಗಿ, ಮೊರದಲ್ಲಿದ್ದ ಕಲ್ಲು ಕಾಣದಾಯಿತು. ಹೋಗಿ ಡಾಕ್ಟರ ಪುಸ್ತಕ ತೆಗೆದೆ. ಒಂದು ಪುಟದಲ್ಲಿ ನನ್ನ ಮೈಗೆ ಆಗುತ್ತಿದ್ದದ್ದೆಲ್ಲ ಒಂದರ ಕೆಳಗೊಂದು ಇತ್ತು. ಕೊನೆಯಲ್ಲಿ, ಹೀಗಾದರೆ ಒಂದು ಗಳಿಗೆಯೂ ತಡಮಾಡಬಾರದು, ಫಿಟ್ಸ್ ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯ ಎಂದಿತ್ತು.

ಹಾಲಿನ ಕ್ಯಾನು ತೊಳೆಯುತ್ತಿದ್ದ ಗಂಡನ ಹತ್ತಿರ ಹೋಗಿ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ಮೊನ್ನೆ ಬಾವೀಲಿ ಎಂಗ್ಸು ಅವ್ಳೆ ಅಂದೆ. ನೆನ್ನೆ ಅಗ್ಗ ನೋಡಿ ಆವು ಅಂದೆ. ಇವತ್ತು ಕಾಯ್ಲೇನಾ? ಮೊದ್ಲು ಆ ಪುಸ್ತಕ್ವ ಒಲೆಗಾಕು, ಎಲ್ಲಾ ಸರೋಯ್ತದೆ."

"ಇದು ಕತೆ ಅಲ್ಲ ಕಣ್ರೀ, ಡಾಕ್ಟ್ರು ಬರ್ದಿರೋದು."

"ಎಲ್ಲಾ ಒಂದೇ ಚೀಲ್ದಾಗೆ ತಾನೆ ಇದ್ದುದ್ದು?" ಎಂದು ಸೈಕಲ್ ಏರಿ ಹೋಗಿಯೇಬಿಟ್ಟರು.

ಇದೂ ನನ್ನ ಭ್ರಮೆಯೇ ಇರಬಹುದೇ ಎನಿಸಿತು. ಆದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಕೂತು ಅಳತೊಡಗಿದೆ.

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಎದ್ದು ಬಂದರು. "ಅದೇನ್ ಬರ್ದೈತೋ ಓದವ್ವ, ನಾನೂ ಕೇಳ್ತೀನಿ," ಎಂದರು.

ತಡವರಿಸುತ್ತಾ ಓದಿದೆ. ಊತದ ಮಾತು ಬಂದಾಗ ಅತ್ತೆ ನನ್ನ ಸೀರೆಯಂಚು ಸರಿಸಿ, ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಬಿದ್ದ ಗುಳಿ ಹಾಗೆಯೇ ನಿಂತಿತು. ಫಿಟ್ಸ್ ಎಂಬ ಮಾತು ಬಂದಾಗ, "ಸಾಕು ನಿಲ್ಸು," ಎಂದರು. ಅವರ ಮುಖದ ಬಣ್ಣ ಹೋಗಿತ್ತು.

"ನಮ್ಮಕ್ಕುನ್ನ ಅಕ್ಕಿಹೆಬ್ಬಾಳ್ಗೆ ಕೊಟ್ಟಿದ್ರು. ಇಂಗೇ ಮೊಕ ಊದ್ಕಂಡಿತ್ತು. ಮೈಕೈ ತುಂಬ್ಕಂಡವ್ಳೆ ಅಂತ ಎಲ್ಲಾ ಕುಸಿಪಟ್ರು. ಆಮ್ಯಾಕೆ ಕೈಕಾಲು ಸೆಟ್ಕಂಡ್ವು. ದೆವ್ವ ಮೆಟ್ಕಂಡೈತೆ ಅಂತ ಬೇವಿನ್ ಸೊಪ್ಪಲ್ಲಿ ಒಡುದ್ರು ಕಣವ್ವ. ಸಂಜೆಗೆ ಓಗ್ಬುಟ್ಳು."

ಆ ಮನೆಯಲ್ಲಿ ಅದುವರೆಗೆ ಯಾರೂ ಆ ಅಕ್ಕನ ಸುದ್ದಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆಯೇ ಹೆದರಿದ್ದನ್ನು ಕಂಡು ನನ್ನ ಹೆದರಿಕೆ ಹತ್ತರಷ್ಟಾಯಿತು. ನನ್ನ ಭಯಕ್ಕೆ ಯಾರಾದರೂ ನಗುತ್ತಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು.

ಅತ್ತೆ ಬೀದಿಗೆ ಓಡಿದರು. ಆಲೆಮನೆಯಿಂದ ಬೆಲ್ಲ ತುಂಬಿಕೊಂಡು ಪೇಟೆಗೆ ಹೊರಟಿದ್ದ ವ್ಯಾನಿಗೆ ಅಡ್ಡ ನಿಂತು ನಿಲ್ಲಿಸಿದರು. ನನ್ನನ್ನು ಡ್ರೈವರ್ ಪಕ್ಕ ಕೂರಿಸಿ, ತಾವು ಹಿಂದೆ ಬೆಲ್ಲದ ಮೂಟೆಗಳ ಮೇಲೆ ಕೂತರು. ಹಳ್ಳ ಬಂದಾಗಲೆಲ್ಲ, "ಮೆಲ್ಗೋಡ್ಸ್ಲಾ, ಮೆಲ್ಗೆ!" ಎಂಬ ಅವರ ಕೂಗು ಕೇಳುತ್ತಿತ್ತು. ನಾನು ದಾರಿಯುದ್ದಕ್ಕೂ ಬೆರಳುಗಳನ್ನೇ ನೋಡುತ್ತಿದ್ದೆ. ಅವು ಎಲ್ಲಿ ಸೆಟೆದುಕೊಳ್ಳುತ್ತವೋ ಎಂದು.

ಕೆ.ಆರ್. ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿ.ಪಿ. ನೋಡಿದರು. ಇನ್ನೊಮ್ಮೆ ನೋಡಿದರು. ಸೂಜಿ ಚುಚ್ಚಿ, ಆಂಬುಲೆನ್ಸಿನಲ್ಲಿ ಮೈಸೂರಿಗೆ ಕಳಿಸಿದರು. ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಕಿಟಕಿಯತ್ತ ಮುಖ ತಿರುಗಿಸಿದೆ. ಹೊಳೆ ಕಾಣಲಿಲ್ಲ, ಬರೀ ಬೆಳ್ಳಗಿನ ಮಬ್ಬು ಕಂಡಿತು. ಅತ್ತೆಗೆ ಅದನ್ನು ಹೇಳಲು ಧೈರ್ಯ ಬರಲಿಲ್ಲ.

ಮರುದಿನ ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಅಳು ಬೆಕ್ಕಿನ ಮರಿಯ ಕೂಗಿನಂತಿತ್ತು. ಕೂಡಲೇ ಗಾಜಿನ ಪೆಟ್ಟಿಗೆಯಲ್ಲಿಡಲು ತೆಗೆದುಕೊಂಡು ಹೋದರು. ಸುದ್ದಿ ತಿಳಿದು ಬಂದಿದ್ದ ಗಂಡ ಮಂಚದ ಕಾಲ ಬಳಿ ನಿಂತು, "ನಾನು ತಿಳ್ಕಳ್ಳಿಲ್ಲ ಕಣೆ," ಎಂದರು.

ಮೂರು ದಿನ ನನ್ನ ಕಣ್ಣು ಮಬ್ಬಾಗಿಯೇ ಇತ್ತು. ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದರೂ, ಮಗುವಿನ ಮುಖ ನೋಡದೆಯೇ ಕುರುಡಿಯಾಗುತ್ತೇನೆ ಎಂಬ ಭಯದಲ್ಲಿ ಮಲಗಿರುತ್ತಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಎದುರು ಗೋಡೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಬಿಡಿಸಿಕೊಂಡವು.

"ಕಾಣ್ತಾ ಐತಾ? ಏನಂತ ಬರ್ದವ್ರೆ?" ಎಂದು ಅತ್ತೆ ಆತುರದಿಂದ ಕೇಳಿದರು.

"ಇಲ್ಲಿ ಉಗುಳಬಾರದು ಅಂತ, ಅತ್ತೆ."

ಅತ್ತೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಗಬಕ್ಕನೆ ನುಂಗಿಬಿಟ್ಟರು.

ಮಗುವನ್ನು ನನ್ನ ಕೈಗೆ ಕೊಟ್ಟದ್ದು ತಿಂಗಳು ಕಳೆದ ಮೇಲೆ. ಎತ್ತಿಕೊಂಡರೆ ಎಲ್ಲಿ ಮುರಿದುಹೋಗುವುದೋ ಎಂದು, ಮೊದಲ ಒಂದು ವಾರ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸುಮ್ಮನೆ ಕೂತಿರುತ್ತಿದ್ದೆ.