ಒಂದು ಮನೆಗೆ ಎರಡು ಪಾತ್ರೆ

ಗೆಳೆಯರೇ, ಇವತ್ತು ಸ್ನಾನವಿಲ್ಲದೆ ಕಚೇರಿಗೆ ಹೋದೆ. ತಪ್ಪು ನನ್ನದೇ.

ಉತ್ತರ ಭಾರತದ ನಮ್ಮ ಇಂದಿರಾಪುರಂ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನಾಲ್ಕು ದಿನದಿಂದ ನಲ್ಲಿಯಲ್ಲಿ ನೀರಿಲ್ಲ. ದಿನಕ್ಕೆ ಒಂದೇ ಟ್ಯಾಂಕರ್. ನಿನ್ನೆ ಅದರ ಮುಂದೆ ಜಗಳ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಯಿತು. ಇಪ್ಪತ್ತು ವರ್ಷ ಸರ್ಕಾರಿ ಸುತ್ತೋಲೆ ಬರೆದ ಕೈ ಸುಮ್ಮನಿರುತ್ತದೆಯೇ? "ಒಂದು ಮನೆಗೆ ಎರಡೇ ಪಾತ್ರೆ" ಎಂದು ನೋಟಿಸ್ ಬರೆದು ಲಿಫ್ಟಿನ ಪಕ್ಕ ಅಂಟಿಸಿದೆ. ಎಷ್ಟು ದೊಡ್ಡ ಪಾತ್ರೆ ಎಂದು ಬರೆಯಲಿಲ್ಲ.

ಬೆಳಿಗ್ಗೆ ಇಳಿದು ನೋಡಿದರೆ ಎಲ್ಲರ ಹತ್ತಿರವೂ ಎರಡೆರಡೇ. ಒಬ್ಬರು ಮದುವೆ ಅಡುಗೆಯ ಹಂಡೆ ತಂದಿದ್ದರು. ಮೂರನೇ ಮಹಡಿಯ ತ್ಯಾಗೀಜಿ, ನಾನೇ ಒಳಗೆ ಕೂರಬಹುದಾದಂಥ ನೀಲಿ ಡ್ರಮ್ಮುಗಳನ್ನು ಉರುಳಿಸಿಕೊಂಡು ಬಂದರು.

"ಯೇ ಕ್ಯಾ ಹೈ, ತ್ಯಾಗೀಜಿ?" ಎಂದೆ.

ಅವರು ಬೆರಳು ಮಡಿಸಿ ಎಣಿಸಿದರು. "ಏಕ್, ದೋ. ನೋಟಿಸ್ ಆಪ್ ಕಾ ಹೀ ಹೈ, ಭಾಯ್ ಸಾಬ್." ನೋಟಿಸ್ ನಿಮ್ಮದೇ ತಾನೇ ಎಂದು.

ಹನ್ನೆರಡನೇ ಮನೆಗೇ ಟ್ಯಾಂಕರ್ ಖಾಲಿ. ಸಾಲಿನಲ್ಲಿ ನಾನು ಹದಿನೈದನೆಯವನು. ಖಾಲಿ ಬಕೆಟ್ಟುಗಳೊಂದಿಗೆ ಮೇಲೆ ಬಂದಾಗ ಹೆಂಡತಿ, "ಆ ನೋಟಿಸಿನಲ್ಲೇ ಮುಖ ಒರೆಸ್ಕೊಂಡು ಹೋಗಿ" ಎಂದಳು.

ದಿನವಿಡೀ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಫೈಲುಗಳ ನಡುವೆ ತಿದ್ದುಪಡಿಯನ್ನೇ ಗೀಚಿದೆ: "ಯಾವುದೇ ಪಾತ್ರೆ ಇಪ್ಪತ್ತು ಲೀಟರ್ ಮೀರತಕ್ಕದ್ದಲ್ಲ." ಸಂಜೆ ಮನೆಗೆ ಬಂದವನೇ ಅಂಟಿಸಲು ಹೊರಟೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ರೀ, ಎರಡು ದಿನ ತಡೀರಿ. ಈಗಷ್ಟೇ ಡ್ರಮ್ ತಂದಿದೀನಿ."

ತಂದಿರುವುದು ಎರಡೇ. ನನ್ನ ನೋಟಿಸಿಗೆ ನಮ್ಮ ಮನೆಯಲ್ಲೂ ಮರ್ಯಾದೆ ಇದೆ.