ಎದೆಲ್ಮಿರಾ ವಿಧವೆಯಾದದ್ದು

ನಮ್ಮ ಎದೆಲ್ಮಿರಾ ವಿಧವೆಯಾದಾಗ ಅವಳ ಗಂಡ ಕ್ರಿಸ್ಪಿನ್ ಅದೇ ಸಭಾಂಗಣದ ಹಿಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಕೂತು ಕೋಳಿ ತಿನ್ನುತ್ತಿದ್ದ.

ವಾಟ್ಸನ್‌ವಿಲ್‌ನ ನಮ್ಮ ಬೀದಿಯವರೆಲ್ಲ ಮೆಕ್ಸಿಕೊ ಕಡೆಯವರು, ಹೆಚ್ಚಿನವರು ಸ್ಟ್ರಾಬೆರಿ ತೋಟಕ್ಕೆ ಹೋಗುವವರು. ಸಂಜೆ ಮಣ್ಣಾದ ಬಟ್ಟೆ ಹೊತ್ತು ಮುದುಕ ಲುಕ್ಷಿಚ್‌ನ ಒಗೆಯುವ ಅಂಗಡಿಗೆ ಹೋಗುತ್ತಿದ್ದೆವು. ನಾಣ್ಯ ಹಾಕಿದರೆ ಮಷಿನ್ ತಿರುಗುತ್ತದೆ, ಅದು ತಿರುಗುವಷ್ಟು ಹೊತ್ತು ನಮ್ಮ ಹರಟೆ. ಅಲ್ಲಿ ಗುಡಿಸಿ ಒರೆಸಿ, ಮೊಂಡು ಮಾಡುವ ಮಷಿನ್‌ಗೆ ಒದ್ದು, ನಮ್ಮ ಜಗಳ ಬಿಡಿಸುತ್ತಿದ್ದವಳು ಎದೆಲ್ಮಿರಾ. ವಯಸ್ಸಾಯಿತು, ಅಂಗಡಿ ಮಾರುತ್ತೇನೆ ಎಂದು ಲುಕ್ಷಿಚ್ ಹೇಳಿದಾಗ, ನಾವು ಹೆಂಗಸರೇ ಸೇರಿ ಕೊಳ್ಳೋಣ ಎಂದವಳೂ ಅವಳೇ. ಸಾಲ ಕೇಳಲು ಹೋದರೆ ಬ್ಯಾಂಕಿನವರು ಬರೀ ಕಾಫಿ ಕೊಟ್ಟು ಕಳಿಸಿದರು.

ಆಗ ಬಂದಳು ಮೆರಡಿತ್. ದಾನದಲ್ಲೂ ಬಂಡವಾಳದಲ್ಲೂ ನಮ್ಮಂಥ ಲ್ಯಾಟಿನೊ ಜನರಿಗೆ ಸಿಗಬೇಕಾದ ಪಾಲು ಸಿಕ್ಕಿಲ್ಲ, ಅದನ್ನು ಸರಿಪಡಿಸುತ್ತೇವೆ ಎಂದು ಹೊರಟ ದೊಡ್ಡ ದತ್ತಿಸಂಸ್ಥೆಯವಳು. ಒಳ್ಳೆಯ ಹೆಂಗಸು, ನಮ್ಮ ಸ್ಪ್ಯಾನಿಷ್‌ನಲ್ಲೇ ಮಾತಾಡುತ್ತಿದ್ದಳು. ಮಾತಾಡುವಾಗ ಕೈ ಎದೆಯ ಮೇಲೇ ಇರುತ್ತಿತ್ತು.

"ದಾನಿಗಳ ಊಟಕ್ಕೆ ಬನ್ನಿ. ನಿಮ್ಮ ಕಥೆ ಹೇಳಿ," ಎಂದಳು ಎದೆಲ್ಮಿರಾಗೆ.

"ಯಾವ ಕಥೆ? ನಮಗೆ ಅಂಗಡಿ ಬೇಕು, ಅಷ್ಟೆ."

"ಕಷ್ಟದ ಕಥೆ."

ಎದೆಲ್ಮಿರಾ ಯೋಚಿಸಿದಳು. "ಮಂಡಿ ನೋಯುತ್ತೆ. ಗಂಡ ಒಳ್ಳೆಯವನು, ಅಡುಗೆನೂ ಮಾಡ್ತಾನೆ."

"ಗಂಡನ ವಿಷಯ ಸ್ವಲ್ಪ ಕಡಿಮೆ ಮಾಡೋಣ್ವಾ?"

ಕಡಿಮೆ ಮಾಡಿದಳು. ಮೊದಲ ಊಟದಲ್ಲಿ ಕಥೆಯಿಂದ ಅವನ ಅಡುಗೆ ಹೋಯಿತು, ಮುಂದಿನದರಲ್ಲಿ ಅವನೇ ಹೋದ. ಅದರ ಮುಂದಿನ ಊಟಕ್ಕೆ ಕ್ರಿಸ್ಪಿನ್‌ನನ್ನೂ ನನ್ನನ್ನೂ ಕರೆದುಕೊಂಡು ಹೋದಳು. ಅಲ್ಲಿ ಸಂಸ್ಥೆಯ ಅಧ್ಯಕ್ಷರು ಅವಳ ಗಂಡನ ಹೆಸರು ಕೇಳಿ ತಿಳಿದುಕೊಂಡು ವೇದಿಕೆ ಹತ್ತಿದರು. "ನಮ್ಮನ್ನಗಲಿದ ಕ್ರಿಸ್ಪಿನ್ ಅವರಿಗಾಗಿ ಒಂದು ನಿಮಿಷ ಮೌನ" ಎಂದರು. ಎಲ್ಲರೂ ಎದ್ದರು. ಇಂಗ್ಲಿಷ್ ಬಾರದ ಕ್ರಿಸ್ಪಿನ್ ಕೂಡ ಎದ್ದು ತಲೆ ತಗ್ಗಿಸಿದ.

"ಯಾರು ಹೋಗಿದ್ದು?" ಎಂದು ನನ್ನ ಕಿವಿಯಲ್ಲಿ ಕೇಳಿದ.

"ನೀನೇ ಕಣೋ."

"ಪಾಪ," ಎಂದು ಶಿಲುಬೆಯ ಗುರುತು ಮಾಡಿಕೊಂಡ.

ಎದೆಲ್ಮಿರಾ ಮೈಕಿನ ಮುಂದೆ ನಿಂತು ತಿದ್ದಲು ನೋಡಿದಳು. "ಅವನು ಎಲ್ಲಿಗೂ ಹೋಗಿಲ್ಲ. ನನ್ನ ಜೊತೆಗೇ ಇದ್ದಾನೆ. ನೋಡಿ, ಅಲ್ಲೇ ನಿಂತಿದ್ದಾನೆ."

ಸಭೆಯಲ್ಲಿ ಕಣ್ಣೊರೆಸಿಕೊಳ್ಳದವರು ಉಳಿಯಲಿಲ್ಲ.

ಆವತ್ತು ಬಂದ ದುಡ್ಡಿನಲ್ಲಿ ಸಂಸ್ಥೆಯವರು ಪಾರ್ಕಿನಲ್ಲಿ ಕ್ರಿಸ್ಪಿನ್‌ನ ನೆನಪಿಗೆ ಕಲ್ಲುಬೆಂಚು ಹಾಕಿಸಿದರು. ಅನಾವರಣಕ್ಕೆ ಅವನು ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದ. "ನಾನೇ ಕ್ರಿಸ್ಪಿನ್" ಎಂದಾಗ ಮೆರಡಿತ್ ಬಿಳಿಚಿಕೊಂಡಳು.

"ಹೆಸರು ಕೆತ್ತಿಸಿ ಆಗಿದೆ. ದಾನಿಗಳಿಗೆ ಏನಂತ ಹೇಳಲಿ?"

ಕ್ರಿಸ್ಪಿನ್‌ಗೆ ಅವಳ ಮೇಲೇ ಮರುಕ ಬಂತು. "ನಾನು ಅವನ ತಮ್ಮ ಅಂತ ಹೇಳಿ, ಸೆನ್ಯೋರಾ."

ಹಾಗೇ ಹೇಳಿದಳು. ದಾನಿಗಳು ಒಬ್ಬೊಬ್ಬರಾಗಿ ಬಂದು, ಅತ್ತಿಗೆಯನ್ನು ಕೈಬಿಡಬೇಡಪ್ಪ ಎಂದು ಅವನ ಭುಜ ತಟ್ಟಿ ಹೋದರು.

ಮನೆಗೆ ನಡೆದು ಬರುವಾಗ ಎದೆಲ್ಮಿರಾ ಬೀದಿಯಲ್ಲೇ ನಿಂತು, ಗೆಳತಿಯಾದ ನನ್ನ ಕೈ ಹಿಡಿದು ಅತ್ತಳು. "ಬದುಕಿರೋ ಗಂಡನ್ನ ಕೊಂದು ಬೆಂಚು ತಂದೆನಲ್ಲೇ, ಕೊಮಾದ್ರೆ. ಇನ್ನು ಯಾರ ಊಟಕ್ಕೂ ಹೋಗಲ್ಲ."

ಹೋಗಲಿಲ್ಲ. ನಮ್ಮ ಹೆಂಗಸರಲ್ಲಿ ತಾಂದಾ ಎನ್ನುವ ತಿಂಗಳ ಚೀಟಿ ಮೊದಲಿಂದಲೂ ಇತ್ತು. ಅದನ್ನೇ ದೊಡ್ಡದು ಮಾಡಿ, ಲುಕ್ಷಿಚ್‌ನ ಮುಂದೆ ಹೋಗಿ ಕಂತಿನಲ್ಲಿ ಕೊಡುತ್ತೇವೆ ಎಂದೆವು. ಅವನು ಒಪ್ಪಿದ. ಸಾಯುವ ತನಕ ತನ್ನ ಅಂಗಿಗಳನ್ನು ಬಿಟ್ಟಿ ಒಗೆದುಕೊಡಬೇಕು ಎಂಬುದೊಂದೇ ಅವನ ಷರತ್ತು. ಅಂಗಡಿ ನಮ್ಮದಾಯಿತು.

ಮರುವರ್ಷ ಮೆರಡಿತ್ ಮತ್ತೆ ಬಂದಳು. ಬಂಡವಾಳವಿಲ್ಲದ ಹೆಂಗಸರು ಇದನ್ನು ಹೇಗೆ ಸಾಧಿಸಿದರು ಎಂದು ಅಧ್ಯಯನ ಮಾಡಲು ಸಂಸ್ಥೆ ಹಣ ಮಂಜೂರು ಮಾಡಿತ್ತು. ಆ ಹಣಕ್ಕೆ ಇಂಥ ಎರಡು ಅಂಗಡಿ ಬರುತ್ತಿದ್ದವು.

"ನೋಡ್ಕೊಳ್ಳಿ," ಎಂದಳು ಎದೆಲ್ಮಿರಾ. "ಆದರೆ ಕೈಬೀಸಿಕೊಂಡು ಬಂದು ಕುರ್ಚಿ ಹಿಡಿದು ಕೂರೋ ಹಾಗಿಲ್ಲ. ಬಟ್ಟೆ ತನ್ನಿ."

ಈಗ ಮಂಗಳವಾರ ಸಂಜೆ ಸಂಶೋಧಕರು ಚೀಲ ಹೊತ್ತು ಬರುತ್ತಾರೆ. ಒದ್ದೆ ಬೆಡ್‌ಶೀಟಿನ ಒಂದು ತುದಿಯನ್ನು ಅವರು ಹಿಡಿದರೆ, ಇನ್ನೊಂದನ್ನು ಕ್ರಿಸ್ಪಿನ್ ಹಿಡಿದು ಹಿಂಡುತ್ತಾನೆ. ಅವನಿಗೆ ಅಣ್ಣನ ಬಗ್ಗೆ ಎರಡು ಮಾತು ಹೇಳಿ ಎಂದು ಕೇಳುತ್ತಾರೆ. ಅವನು ಹಿಂಡುತ್ತಲೇ, ಒಳ್ಳೆಯ ಮನುಷ್ಯ, ಅಡುಗೆ ಚೆನ್ನಾಗಿ ಮಾಡುತ್ತಿದ್ದ ಎನ್ನುತ್ತಾನೆ.